ಇಪ್ಪತ್ತು ದಾಟುವ ಮುಳ್ಳಿಗೆ

ಕಡಬ
೨೬ ನವೆಂಬರ್ ೧೯೮೬, ಬುಧವಾರ

ಮಾನ್ಯ ವಿದ್ಯುನ್ಮಾನ ವೇಗಸೂಚಕ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಕಡಬ ಪೇಟೆಯ ಬಾಡಿಗೆ ಕಾರುಗಳ ಸಾಲಿನಲ್ಲಿ ಕೊನೆಯದಾಗಿ ನಿಲ್ಲುವ, ಐವತ್ತಾರನೇ ಇಸವಿಯ ಹಸುರು ಮೋರಿಸ್ ಕಾರಿನ ಮಾಲಿಕನೂ ಚಾಲಕನೂ ತೊಳೆಯುವವನೂ ಆದ ಶೀನಪ್ಪನು ತಮ್ಮ ಘನ ಸನ್ನಿಧಾನದಲ್ಲಿ ಅರ್ಪಿಸುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಬೀಗದ ಕೈ ತಿರುಗಿಸಿದ ಕೂಡಲೇ ತಮ್ಮ ಮುಳ್ಳು ಒಮ್ಮೆ ಜಿಗಿದು ಸೊನ್ನೆಯ ಮೇಲೆ ಬಂದು ಕೂರುವ ಗತ್ತಿನಲ್ಲೇ ಅದು ತಿಳಿಯುತ್ತದೆ. ನನ್ನ ಕ್ಷೇಮದ ಸಮಾಚಾರ ಮುಂದೆ ಬರುತ್ತದೆ. ಡ್ಯಾಶ್‌ಬೋರ್ಡಿನ ನಟ್ಟನಡುವೆ, ನನ್ನ ಮೂಗಿನಿಂದ ಎರಡು ಅಡಿ ದೂರದಲ್ಲಿ ವಾಸವಾಗಿರುವ ತಮಗೆ ಪತ್ರ ಬರೆಯುವುದೇಕೆಂದರೆ, ಬಾಯಲ್ಲಿ ಹೇಳಿ ನೋಡಿ ಸೋತಿದ್ದೇನೆ. ಮೊನ್ನೆ ಪಂಜಕ್ಕೆ ಹೋಗುವಾಗ ತಮ್ಮೊಡನೆ ಸ್ವಲ್ಪ ಏರಿದ ದನಿಯಲ್ಲಿ ಮಾತನಾಡಿದ್ದನ್ನು ಕೇಳಿ ಹಿಂದಿನ ಸೀಟಿನವರು "ಡ್ರೈವರು ಯಾರತ್ರ ಮಾತಾಡುದು ಮಾರಾಯ್ರೆ?" ಎಂದು ಪಿಸುಗುಟ್ಟಿಕೊಂಡು, ನಡುದಾರಿಯಲ್ಲಿ ಇಳಿದು ಬಸ್ಸು ಹತ್ತಿದರು. ಆದ್ದರಿಂದ ಈ ಪತ್ರ. ಇದರ ಒಂದು ಪ್ರತಿಯನ್ನು ಕಾರು ನಿಲ್ಲುವ ಜಾಗದ ಹೋಟೆಲಿನ ಗೋಡೆಗೆ ಅಂಟಿಸುತ್ತೇನೆ. ಮುಚ್ಚಿಟ್ಟದ್ದು ಈಗಾಗಲೇ ಸಾಕಷ್ಟಾಗಿದೆ.

ಮೊದಲು ತಮ್ಮ ಗುಣಗಾನ ಮಾಡಿ ಮುಗಿಸುತ್ತೇನೆ. ತಾವು ಜನ್ಮ ತಾಳಿದ್ದು ಸುಳ್ಯದ ಹೈದರ್ ಅವರ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಶಾರ್ಜಾದಲ್ಲಿ ಆರು ವರ್ಷ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ಬಂದ ಹೈದರ್, ಕಾರಿನ ಹೊಟ್ಟೆಯಡಿ ತಿರುಗುವ ಉದ್ದ ದಂಡಕ್ಕೆ ಎರಡು ಅಯಸ್ಕಾಂತ ಬಿಗಿದು, ಪಕ್ಕದಲ್ಲಿ ತಾಮ್ರದ ತಂತಿಯ ಸುರುಳಿಯೊಂದನ್ನು ಇಟ್ಟು, ಅಯಸ್ಕಾಂತ ಹಾದುಹೋದಾಗಲೆಲ್ಲ ಹುಟ್ಟುವ ಚೂರು ವಿದ್ಯುತ್ತನ್ನು ಎಣಿಸುವ ಕೆಲಸವನ್ನು ಸೋಪಿನ ಡಬ್ಬಿಯೊಳಗಿನ ಸರ್ಕ್ಯೂಟಿಗೆ ಒಪ್ಪಿಸಿ, ಆ ಎಣಿಕೆಗೆ ತಕ್ಕಂತೆ ಮುಳ್ಳು ಏಳುವ ಹಾಗೆ ಮಾಡಿದರು. ಹಳೆಯ ವೇಗಸೂಚಕದ ಬಿಳಿ ಮುಖ, ಮೈಲಿನ ಅಂಕಿಗಳು, ಮುಳ್ಳು ಎಲ್ಲವನ್ನೂ ಉಳಿಸಿ ಒಳಗಿನದನ್ನು ಮಾತ್ರ ಬದಲಿಸಿದ್ದರಿಂದ ಕಾರಿನ ಅಂದವೂ ಕೆಡಲಿಲ್ಲ. ಆಮೇಲೆ ಕೊಯಿಲದ ಜಾನುವಾರು ಫಾರ್ಮಿನ ಬದಿಯ ನೇರ ರಸ್ತೆಯಲ್ಲಿ, ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಹನ್ನೊಂದು ಸಲ ನನ್ನಿಂದ ಕಾರು ಓಡಿಸಿ, ವಾಚು ನೋಡಿ, ಡಬ್ಬಿಯ ಬೆನ್ನಿನ ತಿರುಪನ್ನು ಚೂರು ಚೂರೇ ತಿರುಗಿಸಿ ತಮ್ಮನ್ನು ಸತ್ಯಕ್ಕೆ ಹೊಂದಿಸಿದರು. ಫಾರ್ಮಿನ ದನಗಳು ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು. "ಇನ್ನು ಒಂದು ಕೂದಲೆಳೆ ಆಚೆ ಈಚೆ ಆಗ್ಲಿಕ್ಕಿಲ್ಲ ಶೀನಪ್ಪಣ್ಣ," ಎಂದು ಹೈದರ್ ಹೇಳಿದಾಗ, ಮೂರ್ಖನಾದ ನಾನು ಸಂತೋಷಪಟ್ಟೆ.

ತಮ್ಮ ಪೂರ್ವಾಧಿಕಾರಿಗಳನ್ನು ತಾವು ಕಂಡಿಲ್ಲ. ಗೇರ್ ಬಾಕ್ಸಿನಿಂದ ಬರುವ ಒಂದು ತಿರುಗುವ ಕೇಬಲ್ಲೇ ಅವರ ಜೀವನಾಡಿ. ವರ್ಷಕ್ಕೊಮ್ಮೆ ನಾನು ಅದಕ್ಕೆ ತೆಂಗಿನೆಣ್ಣೆ ಬಿಡುತ್ತಿದ್ದೆ. ವಯಸ್ಸಾದಂತೆ ಅವರ ಒಳಗಿನ ಸ್ಪ್ರಿಂಗು, ಚಕ್ರ ಎಲ್ಲ ಸವೆದು, ಮುಳ್ಳು ಹದಿನೆಂಟರ ತನಕ ನಡುಗುತ್ತ ಏರಿ, ಅಲ್ಲಿಂದ ಮೇಲಕ್ಕೆ ಕಾರು ಎಷ್ಟೇ ಓಡಲಿ, ಹತ್ತೊಂಬತ್ತು ಇಪ್ಪತ್ತರ ನಡುವೆ ಸುಧಾರಿಸಿಕೊಳ್ಳುತ್ತ ಕೂರುತ್ತಿತ್ತು. ಪುತ್ತೂರಿನ ಬಸ್ಸನ್ನು ಹಿಂದೆ ಹಾಕುವಾಗಲೂ ಇಪ್ಪತ್ತೇ. ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದಕ್ಕೊಂದು ಕಾರಣವಿತ್ತು, ಆ ಕಾರಣದ ಹೆಸರು ಹರಿಣಾಕ್ಷಿ ಟೀಚರು.

ಟೀಚರು ನಮ್ಮೂರ ಶಾಲೆಯಲ್ಲಿ ಲೆಕ್ಕ ಕಲಿಸುವವರು. ವೇಗ, ದೂರ, ಕಾಲದ ಲೆಕ್ಕದಲ್ಲಿ ನನ್ನನ್ನು ಎರಡು ಬಾರಿ ಬೆಂಚಿನ ಮೇಲೆ ನಿಲ್ಲಿಸಿದವರು. ಅವರ ಗಂಡ ಕಿಟ್ಟಣ್ಣ ಎಪ್ಪತ್ತೇಳರಲ್ಲಿ ಬಾಡಿಗೆ ಜೀಪಿನಲ್ಲಿ ಹೋಗುವಾಗ, ಚಾಲಕನ ಅವಸರದಿಂದ ಜೀಪು ತಿರುವಿನಲ್ಲಿ ಮಗುಚಿ ತೀರಿಕೊಂಡರು. ಆ ಮೇಲೆ ಟೀಚರು ಯಾವ ವಾಹನವನ್ನೂ ಹತ್ತಲಿಲ್ಲ, ಮದುವೆಗೂ ಮರಣಕ್ಕೂ ನಡೆದೇ ಹೋದರು. ಎರಡು ವರ್ಷ ಕಳೆದು ಅವರ ಕಣ್ಣಿಗೆ ತೊಂದರೆ ಬಂತು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ನೋವಿಲ್ಲದೆ, ಸದ್ದಿಲ್ಲದೆ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದಂತೆ, ಹೋದ ನೋಟ ಮರಳಿ ಬರುವುದಿಲ್ಲವಂತೆ. ತಿಂಗಳ ಮೊದಲನೆಯ ಮತ್ತು ಮೂರನೆಯ ಶನಿವಾರ ಮಂಗಳೂರಿನ ಕಣ್ಣಿನ ಡಾಕ್ಟರು ಪುತ್ತೂರಿಗೆ ಬರುತ್ತಾರೆ, ಹನ್ನೆರಡೂವರೆಗೆ ಎದ್ದು ಹೋಗುತ್ತಾರೆ. ಕಡಬದಿಂದ ಪುತ್ತೂರಿಗೆ ಇಪ್ಪತ್ತೆರಡು ಮೈಲು ನಡೆದು ಹೋಗಲಿಕ್ಕಾಗುತ್ತದೆಯೇ? ನಾನು ಹೋಗಿ ಬೇಡಿಕೊಂಡೆ. "ನೀನು ಓಡಿಸುದು ಹೇಗೆ ಅಂತ ನನಗೆ ಗೊತ್ತುಂಟು," ಎಂದರು. ಕೊನೆಗೆ ಊರಿನ ದೈವದ ಗುಡಿಯ ಮೆಟ್ಟಿಲ ಮೇಲೆ ಅಂಗೈ ಇಟ್ಟು, ಟೀಚರು ಕಾರಿನಲ್ಲಿರುವಾಗ ಮುಳ್ಳು ಇಪ್ಪತ್ತು ದಾಟುವುದಿಲ್ಲ ಎಂದು ಪ್ರಮಾಣ ಮಾಡಿದೆ. ಏಳು ವರ್ಷ ಆ ಪ್ರಮಾಣ ಮುರಿದಿಲ್ಲ. ಮುಳ್ಳು ದಾಟಲಿಲ್ಲ, ಕಾರು ದಾಟಿತು.

ಬೇರೆ ದಾರಿ ಇರಲಿಲ್ಲ ಸ್ವಾಮಿ. ಶನಿವಾರ ಶಾಲೆ ಬಿಡುವುದು ಹನ್ನೊಂದೂವರೆಗೆ. ಐದು ನಿಮಿಷ ಮೊದಲು ಹೊರಡಿ ಎಂದರೆ, ರಜೆ ಹಾಕಿ ಎಂದರೆ, "ಮಕ್ಕಳ ಗಂಟೆ ಕದ್ದು ನನ್ನ ಕಣ್ಣಿಗೆ ಹಾಕುದಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹನ್ನೊಂದು ನಲವತ್ತಕ್ಕೆ ಹೊರಟು ನಿಜವಾದ ಇಪ್ಪತ್ತರಲ್ಲಿ ಹೋದರೆ ಡಾಕ್ಟರು ಹೋಗಿ ಕಾಲು ಗಂಟೆಯ ಮೇಲೆ ನಾವು ಮುಟ್ಟುತ್ತೇವೆ. ಬೆಂಚಿನ ಮೇಲೆ ನಿಂತು ಕಲಿಯದ ಈ ಲೆಕ್ಕವನ್ನು ನಾನು ಸ್ಟಿಯರಿಂಗು ಹಿಡಿದು ಕಲಿತೆ. ಟೀಚರು ಮುಂದಿನ ಸೀಟಿನಲ್ಲಿ ಕಿಟ್ಟಣ್ಣನ ಕೈಗಡಿಯಾರ ಕಟ್ಟಿಕೊಂಡು, ಮಡಿಲಲ್ಲಿ ಕೊಡೆ ಇಟ್ಟುಕೊಂಡು, ಒಮ್ಮೆ ಮುಳ್ಳನ್ನೂ ಒಮ್ಮೆ ರಸ್ತೆಯನ್ನೂ ನೋಡುತ್ತ ನೆಮ್ಮದಿಯಿಂದ ಕೂರುತ್ತಿದ್ದರು. ಪ್ರತಿ ಸಲವೂ ಹನ್ನೆರಡು ಇಪ್ಪತ್ತಕ್ಕೆ ನಾವು ಡಾಕ್ಟರ ಬಾಗಿಲಲ್ಲಿರುತ್ತಿದ್ದೆವು.

ಅಕ್ಟೋಬರಿನಲ್ಲಿ ಹಳೆಯವರ ಕೇಬಲ್ಲು ತುಂಡಾಯಿತು. ಈ ಕಾರಿನ ಬಿಡಿಭಾಗ ಮಂಗಳೂರಿನಲ್ಲೂ ಸಿಗುವುದಿಲ್ಲ. ಮುಳ್ಳು ಸೊನ್ನೆಯಲ್ಲೇ ಮಲಗಿರಲಿ, ಪ್ರಮಾಣಕ್ಕೆ ಇನ್ನೂ ಅನುಕೂಲ ಎಂದುಕೊಂಡೆ. "ಸತ್ತ ಮುಳ್ಳಿನ ಎದುರು ಪ್ರಮಾಣ ಎಂತದ್ದು? ಮೊದಲು ಸರಿಮಾಡಿಸು," ಎಂದರು ಟೀಚರು. ಹಾಗೆ ಗಡಿಬಿಡಿಯಲ್ಲಿ ಸುಳ್ಯಕ್ಕೆ ಓಡಿ ತಮ್ಮನ್ನು ಕರೆತಂದೆ. ಮುಖ ಹಳೆಯದೇ ಆದ್ದರಿಂದ ಬುದ್ಧಿಯೂ ಹಳೆಯದೇ ಇರುತ್ತದೆಂದು ನಂಬಿದ್ದು ನನ್ನ ತಪ್ಪು.

ನವೆಂಬರ್ ಒಂದನೇ ತಾರೀಕು ತಾವು ಮಾಡಿದ್ದನ್ನು ತಮಗೆ ನೆನಪಿಸಬೇಕೇ? ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ಶಾಲೆಯ ಗೇಟು ದಾಟಿ ಎರಡು ಫರ್ಲಾಂಗು ಆಗಿರಲಿಲ್ಲ. ನಾನು ಎಂದಿನಂತೆ ಕಾಲು ಒತ್ತಿದೆ. ತಾವು ಹತ್ತು, ಹದಿನೈದು, ಹದಿನೆಂಟು ಎಂದು ನಡುಕವಿಲ್ಲದೆ, ನಾಚಿಕೆಯಿಲ್ಲದೆ ಏರತೊಡಗಿದಿರಿ. ಹತ್ತೊಂಬತ್ತಕ್ಕೆ ಟೀಚರು "ನಿಲ್ಲಿಸು ಶೀನಪ್ಪ" ಎಂದರು. ನಿಲ್ಲಿಸಿದೆ. ಇಳಿದರು, ಕೊಡೆ ಬಿಡಿಸಿದರು, ಮನೆಯ ಕಡೆಗೆ ನಡೆದರು. ಏಳು ವರ್ಷದ ಮೋಸ ಅವರಿಗೆ ಒಂದು ನಿಮಿಷದಲ್ಲಿ ತಿಳಿದುಹೋಯಿತು. ಇಪ್ಪತ್ತರ ಹತ್ತಿರ ಬಂದಾಗಲಾದರೂ ತಡೆದು ನಿಲ್ಲುವ ಸೌಜನ್ಯ ತಮಗಿರಲಿಲ್ಲ. ಹದಿನೈದನೇ ತಾರೀಕು ಮತ್ತೆ ಹೋಗಿ ಗೇಟಿನಲ್ಲಿ ನಿಂತೆ. ಅವರು ನನ್ನನ್ನು ಕಂಡು ಹಿಂದಿನ ಕಾಲುದಾರಿಯಿಂದ ಹೋದರು. ಎರಡು ಶನಿವಾರ ತಪ್ಪಿತು. ನನಗೆ ಅನ್ನ ಸೇರುವುದಿಲ್ಲ ಮಾನ್ಯರೇ. ನನ್ನ ಕ್ಷೇಮದ ಸಮಾಚಾರ ಎಂದರೆ ಇಷ್ಟೇ.

ಹೈದರ್ ಅವರ ಬಳಿ ಹೋಗಿ, ಆ ಸಣ್ಣ ತಿರುಪನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮುಳ್ಳು ಕಡಿಮೆ ತೋರಿಸುವ ಹಾಗೆ ಮಾಡಿ ಎಂದು ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಅವರು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು, "ಸುಳ್ಳು ಹೇಳ್ಲಿಕ್ಕೆ ಎಲೆಕ್ಟ್ರಾನಿಕ್ಸ್ ಎಂತಕ್ಕೆ ಶೀನಪ್ಪಣ್ಣ? ಅದಕ್ಕೆ ನೀವೇ ಸಾಕಲ್ಲ," ಎಂದರು. ಡಬ್ಬಿಯ ಮೇಲೆ ಅರಗು ಸುರಿದು ಮುಚ್ಚಿಯೂ ಬಿಟ್ಟರು.

ಆದ್ದರಿಂದ ತಮ್ಮಲ್ಲೇ ಅರಿಕೆ. ತಾವು ದಯವಿಟ್ಟು ಬೇಗನೆ ಮುದುಕರಾಗಬೇಕು. ಮೂವತ್ತು ವರ್ಷದ ಸವೆತವನ್ನು ಹತ್ತು ದಿನಗಳಲ್ಲಿ ಮುಗಿಸಿಕೊಟ್ಟರೆ ಡಾಕ್ಟರು ಬರುವ ಮುಂದಿನ ಶನಿವಾರಕ್ಕೆ ಆಗುತ್ತದೆ. ತೆಂಗಿನೆಣ್ಣೆ ಬೇಕಾದರೆ ನಾನು ಕೊಡುತ್ತೇನೆ. ಅದು ಸಾಧ್ಯವಿಲ್ಲವಾದರೆ ತಿಂಗಳಿಗೆರಡು ಶನಿವಾರ, ಹನ್ನೊಂದು ನಲವತ್ತರಿಂದ ಹನ್ನೆರಡು ಇಪ್ಪತ್ತರವರೆಗೆ, ಒಂದು ಸಣ್ಣ ಜ್ವರ ಬರಿಸಿಕೊಳ್ಳಬಹುದು. ಸರಕಾರಿ ಕಚೇರಿಗಳಲ್ಲಿ ತಮಗಿಂತ ಗಟ್ಟಿಮುಟ್ಟಾದವರು ಇದನ್ನು ಸಲೀಸಾಗಿ ಮಾಡುತ್ತಾರೆ. ಅಯಸ್ಕಾಂತ ಎರಡು ಸಲ ಹಾದುಹೋದಾಗ ಒಂದನ್ನು ಕಾಣದಂತೆ ಅತ್ತ ತಿರುಗಿ ಕೂರಬಹುದು. ತಮ್ಮ ನೋಟ ಸ್ವಲ್ಪ ಮಂದವಾದರೆ ಟೀಚರ ನೋಟ ಉಳಿಯುತ್ತದೆ. ಸತ್ಯದಿಂದ ತಮಗೆ ಸಿಗುವ ಲಾಭ ಏನೆಂದು ನನಗೆ ತಿಳಿಯುತ್ತಿಲ್ಲ. ನನಗೆ ಆದ ನಷ್ಟ ಮಾತ್ರ ತಿಳಿದಿದೆ.

೨೮ ನವೆಂಬರ್, ಶುಕ್ರವಾರ. ಪತ್ರ ಇಲ್ಲಿಗೆ ಮುಗಿಯಬೇಕಾಗಿತ್ತು. ಗೋಡೆಗೆ ಅಂಟಿಸುವ ಮೊದಲು ನಿನ್ನೆ ಸಂಜೆ ಅದನ್ನು ಟೀಚರ ಮನೆಗೆ ತೆಗೆದುಕೊಂಡು ಹೋಗಿ, ತಪ್ಪು ತಿದ್ದಿಕೊಡಿ ಎಂದು ಕೈಗಿಟ್ಟು ಅಂಗಳದಲ್ಲಿ ನಿಂತೆ. ಬಾಯಲ್ಲಿ ಹೇಳಲಾಗದ್ದನ್ನು ಓದಿಯಾದರೂ ತಿಳಿಯಲಿ, ಬೈಯುವುದಾದರೆ ಬೈಯಲಿ ಎಂದು. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಕತ್ತನ್ನು ಓರೆ ಮಾಡಿ, ಬಹಳ ಹೊತ್ತು ಓದಿದರು. ಹಾಗೆ ಓರೆ ಮಾಡಿ ಓದುವುದನ್ನು ನಾನು ಹಿಂದೆ ನೋಡಿರಲಿಲ್ಲ.

ಓದಿ ಮುಗಿಸಿ ಅವರು ಹೇಳಿದ್ದನ್ನು ತಮಗೆ ಹಾಗೆಯೇ ವರದಿ ಮಾಡುತ್ತಿದ್ದೇನೆ. "ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಅರವತ್ತೈದು ಸೆಕೆಂಡು ಶೀನಪ್ಪ. ಗಂಟೆಗೆ ಮೂವತ್ತನಾಲ್ಕೂವರೆ ಮೈಲು. ಮೊದಲನೇ ದಿನವೇ ವಾಚು ನೋಡಿದ್ದೇನೆ. ಲೆಕ್ಕದ ಟೀಚರನ್ನು ಮುಂದಿನ ಸೀಟಲ್ಲಿ ಕೂರಿಸಿ ನೀನು ಮೋಸ ಮಾಡುದಾ?" ನಾನು ಅಂಗಳದಲ್ಲೇ ಕುಳಿತುಬಿಟ್ಟೆ. ಗೊತ್ತಿದ್ದರೆ ಆವತ್ತು ಹತ್ತೊಂಬತ್ತಕ್ಕೇ ಯಾಕೆ ಇಳಿದಿರಿ ಎಂದು ಕೇಳಿದೆ. "ಇಪ್ಪತ್ತು ದಾಟಿದ್ದರೆ ನಿನ್ನ ಪ್ರಮಾಣ ಮುರೀತಿತ್ತು. ಹಳೇ ಮುಳ್ಳು ನಿನ್ನನ್ನು ಕಾಯ್ತಿತ್ತು, ಇದು ಕಾಯುದಿಲ್ಲ. ನನ್ನ ಕಣ್ಣಿಗೋಸ್ಕರ ದೈವದ ಕೋಪ ನಿನ್ನ ತಲೆ ಮೇಲೆ ಯಾಕೆ?" ಎಂದರು. ಮತ್ತೆ ಕಾಗದವನ್ನು ಮಡಚಿ, "ಮೊದಲೇ ಹೇಳಲಿಕ್ಕೆ ನನಗೂ ಬಾಯಿ ಬರಲಿಲ್ಲ. ಟೀಚರೇ ಕಾಪಿ ಹೊಡೆದದ್ದನ್ನು ಶಿಷ್ಯನ ಹತ್ತಿರ ಹೇಗೆ ಹೇಳುದು?" ಎಂದರು.

ನಾನು ಅತ್ತೆ. ಇದನ್ನು ಗೋಡೆಯ ಪ್ರತಿಯಲ್ಲೂ ಹಾಗೆಯೇ ಇಡುತ್ತೇನೆ.

ಇವತ್ತು ಬೆಳಿಗ್ಗೆ ಇಬ್ಬರೂ ಗುಡಿಗೆ ಹೋಗಿ, ಇಬ್ಬರ ಹೆಸರಿನಲ್ಲೂ ತಪ್ಪುಕಾಣಿಕೆ ಹಾಕಿದೆವು. ಪ್ರಮಾಣ ಮಾಡಿಸಿಕೊಂಡವರೇ ನನ್ನನ್ನು ಅದರಿಂದ ಬಿಡಿಸಿದರು. ಹೊಸ ಪ್ರಮಾಣಕ್ಕೆ ಅಂಕಿ ಹೇಳಿದವರೂ ಅವರೇ: ಮೂವತ್ತೈದು. ಏಳು ವರ್ಷ ಹೆದರದೆ ಕೂತ ವೇಗಕ್ಕೆ ಇನ್ನು ಮೇಲೆ ಹೆದರುವುದು ಹೇಗೆ ಎಂದು ನಕ್ಕರು. ಆದ್ದರಿಂದ ತಮ್ಮಲ್ಲಿ ಮಾಡಿದ ಎಲ್ಲ ಅರಿಕೆಗಳನ್ನೂ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ತಾವು ಯುವಕರಾಗಿಯೇ ಇರಬಹುದು, ಆರೋಗ್ಯವಾಗಿಯೂ ಇರಬಹುದು, ಬಾಯಿಗೆ ಬಂದ ಸತ್ಯವನ್ನೆಲ್ಲ ಹೇಳಬಹುದು.

ಇಂತು,
ತಮ್ಮ ಎದುರಿನ ಸೀಟಿನಿಂದಲೇ ಕೈಮುಗಿಯುವ
ತಮ್ಮ ವಿಶ್ವಾಸಿ,
ಶೀನಪ್ಪ

ಮರೆತ ಮಾತು (೮ ಡಿಸೆಂಬರ್): ಮೊನ್ನೆ ಶನಿವಾರ ನಾವು ಎಂದಿನಂತೆ ಹನ್ನೆರಡು ಇಪ್ಪತ್ತಕ್ಕೇ ಪುತ್ತೂರು ಮುಟ್ಟಿದ್ದು ತಮಗೆ ಗೊತ್ತೇ ಇದೆ. ಎಡಗಣ್ಣಿನ ಅಂಚಿನಲ್ಲಿ ಸ್ವಲ್ಪ ನೋಟ ಹೋಗಿದೆ, ಅದು ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು ಎಂದು ಡಾಕ್ಟರು ಹೇಳಿದರು. ಆ ಸ್ವಲ್ಪಕ್ಕೆ ತಮ್ಮನ್ನೂ ನನ್ನನ್ನೂ ನಾನು ಕ್ಷಮಿಸಿಲ್ಲ. ಹೋಗುವಾಗ ತಾವು ಮೂವತ್ತು ತೋರಿಸುತ್ತಿದ್ದಾಗ ಟೀಚರು "ಎಂತ, ನಿದ್ದೆ ಬಂತಾ? ಇನ್ನೂ ಐದು ಉಂಟಲ್ಲ," ಎಂದು ನನ್ನನ್ನು ಗದರಿದ್ದು ತಮಗೂ ಕೇಳಿಸಿರಬೇಕು. ಆದರೆ ತಾವು ಮೂವತ್ತೈದು ತೋರಿಸುತ್ತಿದ್ದಾಗ ಅವರು ಕಲ್ಲಿನಿಂದ ಕಲ್ಲಿಗೆ ವಾಚು ನೋಡಿದ್ದು ತಮಗೆ ತಿಳಿದಿಲ್ಲ. ಅದೇ ಅರವತ್ತೈದು ಸೆಕೆಂಡು, ಅದೇ ಮೂವತ್ತನಾಲ್ಕೂವರೆ! ಅಂದರೆ ಕೂದಲೆಳೆಯಷ್ಟೂ ತಪ್ಪದ ತಾವು ಅರ್ಧ ಮೈಲು ಸುಳ್ಳು ಹೇಳುತ್ತೀರಿ. ಅದು ತಿಳಿದ ಕ್ಷಣ ನನಗೆ ತಮ್ಮ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು. ಹೈದರ್ ಅವರಿಗೆ ನಾನು ಹೇಳುವುದಿಲ್ಲ, ತಾವೂ ಹೇಳಬೇಡಿ.