ಕರಿಬಸಪ್ಪನ ಪೋಲೀಸ್ ಅಧ್ಯಯನ

ಎಲ್ಲಕ್ಕೂ ಕಾರಣ ಠಾಣೆಯ ಬೆಂಚು. ಅದನ್ನು ಬಾಗಿಲಿಗೆ ನೇರವಾಗಿ ಹಾಕದೆ ಗೋಡೆಯ ಮರೆಗೆ ಹಾಕಿದ್ದರೆ ಕರಿಬಸಪ್ಪನ ಟ್ರಂಕು ಆ ದಿನ ಅಷ್ಟೊಂದು ಓಡಾಡುತ್ತಿರಲಿಲ್ಲ.

ಎಪ್ಪತ್ನಾಲ್ಕರ ಮಾತು. ದಾವಣಗೆರೆ ಕಡೆಯ ಕರಿಬಸಪ್ಪ ಜ್ಞಾನಭಾರತಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತ, ಗೋವಿಂದರಾಜನಗರದ ನೀಲಗಂಗಮ್ಮನವರ ಹೊರಕೋಣೆಯಲ್ಲಿ ಬಾಡಿಗೆಗಿದ್ದ. ಬ್ರಹ್ಮಚಾರಿಗೆ ಆ ಕೋಣೆ ಸಿಗಲು ಊರಿನ ಸ್ವಾಮಿಗಳ ಶಿಫಾರಸೇ ಬೇಕಾಗಿತ್ತು. ‘ಸಮಾಜದಲ್ಲಿ ಪೋಲೀಸರ ಪಾತ್ರ’ ಎಂಬ ಪ್ರಬಂಧಕ್ಕಾಗಿ ಮೇಷ್ಟ್ರು, “ಲೈಬ್ರರಿ ಬಿಡಯ್ಯ, ಠಾಣೇಲಿ ಒಂದು ದಿನ ಕೂತು ನೋಡು” ಎಂದಿದ್ದರು. ಹೋಗಿ ಕೂತ.

ಕೂತು ಬೆರಗಾದ. ನಲ್ಲಿ ನೀರಿಗೆ ಜುಟ್ಟು ಹಿಡಿದು ಜಗಳವಾಡಿ ಬಂದ ಇಬ್ಬರು ಹೆಂಗಸರನ್ನು ಹೆಡ್ ಕಾನ್‌ಸ್ಟೇಬಲ್ ಮುನಿರಾಮಯ್ಯ ಗದರಲಿಲ್ಲ. “ದಣಿದು ಬಂದಿದೀರಿ, ಮೊದ್ಲು ನೀರು ಕುಡೀರಮ್ಮ” ಎಂದು ಇಬ್ಬರಿಗೂ ಸೇರಿಸಿ ಒಂದೇ ಚೊಂಬು ಮುಂದಿಟ್ಟರು. ಮೊದಲು ಕೈ ಹಾಕಲು ಇಬ್ಬರಿಗೂ ನಾಚಿಕೆ. “ನೀನೇ ಕುಡಿ,” “ಇಲ್ಲ, ನೀ ಕುಡಿ” ಎನ್ನುತ್ತ ನಕ್ಕೇಬಿಟ್ಟರು. ಲಾಠಿ ಮೂಲೆಯಲ್ಲೇ ಇತ್ತು. ಕರಿಬಸಪ್ಪನಿಗೆ ಎದ್ದು ಕೈಮುಗಿಯಬೇಕೆನಿಸಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಯಶೋದಮ್ಮ ಸೊಪ್ಪು ಹಿಡಿದುಕೊಂಡು ಠಾಣೆಯ ಮುಂದೆ ಹಾದುಹೋದರು.

ಸಂಜೆ ಬಂದರೆ ಟ್ರಂಕು ಜಗಲಿಯ ಮೇಲಿತ್ತು. ಸುತ್ತ ಅರ್ಧ ಬೀದಿ ನೆರೆದಿತ್ತು.

“ಏನೋ ಕದ್ದೆ?” ಎಂದು ನೀಲಗಂಗಮ್ಮ ಕಣ್ಣೊರೆಸಿಕೊಂಡರು.

“ಸೈಕಲ್ಲಂತೆ,” ಎಂದರು ಯಶೋದಮ್ಮ. ಹಿಂದಿನಿಂದ ಯಾರೋ, “ಒಂದಲ್ಲ, ಮೂರಂತೆ” ಎಂದು ತಿದ್ದಿದರು.

“ಅಮ್ಮಾ, ನಾನು ಪೋಲೀಸರನ್ನ ಸ್ಟಡಿ ಮಾಡ್ತಾ ಇದೀನಿ!”

“ನೋಡಿದ್ರಾ, ಹೊಂಚು ಹಾಕ್ತಾ ಇದಾನೆ!” ಎಂದರು ಯಶೋದಮ್ಮ.

ಕತ್ತಲಾಗುವುದರೊಳಗೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಪರೀಕ್ಷೆ ಹತ್ತಿರ ಬಂದಿತ್ತು. ಕಳ್ಳನೆನಿಸಿಕೊಂಡವನಿಗೆ ಇನ್ಯಾರು ಕೋಣೆ ಕೊಡುತ್ತಾರೆ? ಕರಿಬಸಪ್ಪ ಠಾಣೆಗೆ ಓಡಿದ.

ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ಮುನಿರಾಮಯ್ಯ ವಿಷಯ ಕೇಳಿ ಸೈಕಲ್ ತಿರುಗಿಸಿದರು. ದೇವರಂಥ ಮನುಷ್ಯ!

“ಇವ್ರು ಕಳ್ಳ ಅಲ್ಲ ಕಣಮ್ಮ. ನಮ್ಮ ಕೆಲ್ಸಾನೇ ಓದ್ತಾ ಇದಾರೆ. ಇಂಥೋರು ಡಿಪಾರ್ಟ್‌ಮೆಂಟಿಗೆ ಬರ್ಬೇಕು. ನಾಳೆ ಇನ್‌ಸ್ಪೆಕ್ಟರ್ ಆಗಿ ಬಂದ್ರೆ ನಾನೇ ಸಲ್ಯೂಟ್ ಹೊಡೀತೀನಿ” ಎಂದು ಅಲ್ಲೇ ಒಂದು ಹೊಡೆದೂಬಿಟ್ಟರು.

ಬೀದಿ ತಣ್ಣಗಾಯಿತು. ಇಬ್ಬರಿಗೂ ಕಾಫಿ ಬಂತು. ಟ್ರಂಕು ಒಳಗೆ ಹೋಯಿತು.

ಮುನಿರಾಮಯ್ಯನವರ ಸೈಕಲ್ ತಿರುವು ದಾಟಿದ್ದೇ ತಡ, ಟ್ರಂಕು ಮತ್ತೆ ಜಗಲಿಗೆ ಬಂತು. ಈ ಸಲ ಬಹಳ ಮರ್ಯಾದೆಯಿಂದ, ಧೂಳು ಒರೆಸಿಕೊಂಡು.

“ಯಾಕಮ್ಮಾ ಮತ್ತೆ?”

“ತಪ್ಪು ತಿಳೀಬೇಡಿ ಸಾರ್,” ನೀಲಗಂಗಮ್ಮ ಕೈಮುಗಿದರು. “ಕಳ್ಳ ಬಾಡಿಗೆಗಿದ್ರೆ ಪೋಲೀಸ್ನೋರನ್ನ ಕರೆದು ಖಾಲಿ ಮಾಡಿಸ್ಬೋದು. ಪೋಲೀಸ್ನೋರೇ ಬಾಡಿಗೆಗಿದ್ರೆ ನಾನು ಯಾರನ್ನ ಕರೀಲಿ?”