ಹಣ್ಣಿನ ಕೋಣೆಯ ಸಂವಿಧಾನ

ದೇಶ ಆಳುವ ವಿದ್ಯೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಸೊಪ್ಪು ಬಿಡಿಸುತ್ತಾ ಕಿವಿಗೆ ಬಿದ್ದದ್ದು. ನಮ್ಮ ಯಜಮಾನರು ಶ್ರೀನಿವಾಸಪುರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ನಾಳೆಯ ಪಾಠವನ್ನು ಇವತ್ತೇ ನನಗೆ ಒಪ್ಪಿಸಿ ನೋಡುವುದು ಅವರ ರೂಢಿ. ಒಂದು ಸಲ ಬೇಸಿಗೆ ರಜೆಯ ಕೊನೆಗೆ ಅಮೆರಿಕದ ಪಾಠ ಬಂತು. ಇಂಗ್ಲೆಂಡಿನ ರಾಜನಿಂದ ಬಿಡಿಸಿಕೊಂಡ ಆ ಜನ, ಮತ್ತೊಬ್ಬ ರಾಜ ತಲೆಯೆತ್ತದ ಹಾಗೆ ಏನು ಮಾಡುವುದೆಂದು ಯೋಚಿಸಿದರಂತೆ. ಕಾನೂನು ಮಾಡುವವರು, ನಡೆಸುವವರು, ತೀರ್ಪು ಕೊಡುವವರು ಬೇರೆ ಬೇರೆ ಇರಲಿ ಎಂದು ಫ್ರಾನ್ಸಿನ ಪಂಡಿತನೊಬ್ಬ ಬರೆದಿಟ್ಟಿದ್ದನಂತೆ. ಅದನ್ನು ಹಿಡಿದು, ಮಾತು ಹೊರಗೆ ಹೋಗದಂತೆ ಕಿಟಕಿ ಮುಚ್ಚಿಕೊಂಡು, ಬಿರುಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೂತು ಸಂವಿಧಾನ ಬರೆದರಂತೆ. ನನಗೆ ಪಂಡಿತನಿಗಿಂತ ಆ ಕಿಟಕಿಯದೇ ಕುತೂಹಲ. ಅಷ್ಟು ಸೆಕೆಯಲ್ಲಿ ಅವರಿಗೆ ನೀರು ಕೊಡುತ್ತಿದ್ದವರು ಯಾರು? ಕಾವು ಹೆಚ್ಚಾಗಿ ಅವರ ಮಾತು ಒಂದೇ ಸಲ ಕಳಿತುಹೋಗಲಿಲ್ಲವೇ?

ಏಕೆಂದರೆ ನಮ್ಮ ಹಣ್ಣಿನ ಕೋಣೆಯಲ್ಲಿ ಆಗುತ್ತಿದ್ದದ್ದು ಅದೇ. ಹಣ್ಣಾಗಲೆಂದು ಭತ್ತದ ಹುಲ್ಲಿನಲ್ಲಿ ಮಾವಿನಕಾಯಿ ಅಡೆ ಹಾಕಿ, ಕಿಟಕಿ ಮುಚ್ಚಿ, ಬೀಗದ ಕೈಯನ್ನು ನಮ್ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರ ಕಾನೂನು ಒಂದೇ: ಮಚ್ಚೆ ಬಿದ್ದ ಹಣ್ಣು ಮೊದಲು. ಅದನ್ನು ತಿಂದು ಮುಗಿಸುವಷ್ಟರಲ್ಲಿ ಒಳ್ಳೆಯದಕ್ಕೂ ಮಚ್ಚೆ. ಹೀಗೆ ಮಾವಿನ ಊರಿನಲ್ಲಿದ್ದೂ ನಾವು ಚೆನ್ನಾದ ಹಣ್ಣನ್ನು ಹುಲ್ಲಿನಲ್ಲಿ ಮಾತ್ರ ನೋಡಿದವರು.

ಆ ವರ್ಷ ಪಾಠದ ಹುರುಪಿನಲ್ಲಿ ಯಜಮಾನರು ಅಧಿಕಾರ ಹಂಚಿಯೇಬಿಟ್ಟರು. ಕಾನೂನು ಅತ್ತೆಯದು, ಬೀಗದ ಕೈ ನನ್ನದು, ತೀರ್ಪು ತಮ್ಮದು. ಅತ್ತೆಯ ತವರು ಆಂಧ್ರದ ಗಡಿಯ ಗೌನಿಪಲ್ಲಿ, ಸಿಟ್ಟು ಬಂದರೆ ಮಾತು ತೆಲುಗಿನಲ್ಲೇ ಶುರುವಾಗುವುದು. "ಏಮಿರಾ, ನನ್ನನ್ನ ಒಂದು ಮಾತು ಕೇಳಿದ್ಯೇನೋ?" ಎಂದರು.

"ಆಳಿಸಿಕೊಳ್ಳೋರ ಒಪ್ಪಿಗೆ ಬೇಕು ಅಂತ ಅಮೆರಿಕದವರೂ ಹೇಳಿದಾರಮ್ಮ," ಎಂದು ಇವರು ತಲೆ ಕೆರೆದುಕೊಂಡರು.

"ಹಂಗಾದ್ರೆ ಒಪ್ಪಿದೀನಿ, ಹೋಗು. ನೋಡೋಣ ಎಷ್ಟು ದಿನ ಆಳ್ತೀರೋ."

ಮುಳಬಾಗಿಲಿನಲ್ಲಿ ನಮ್ಮಪ್ಪ ಜ್ವರದಿಂದ ಆಗತಾನೆ ಎದ್ದಿದ್ದರು. ಮಗಳ ಮನೆಯ ರಸಪುರಿ ಬರುವವರೆಗೆ ಅಂಗಡಿಯ ಹಣ್ಣು ಮುಟ್ಟದ ಹಟಮಾರಿ. ಶನಿವಾರದ ಬಸ್ಸಿಗೆ ಒಂದು ಬುಟ್ಟಿ ಕಳಿಸಲೇಬೇಕೆಂದು ನನಗೆ ಆಸೆ. ಆದರೆ ಬೀಗರ ಮನೆಗೆ ಮಚ್ಚೆ ಹಣ್ಣು ಕಳಿಸಿದರೆ ಮರ್ಯಾದೆಯಲ್ಲ. ಮಚ್ಚೆಯದು ಮುಗಿಯದೆ ಒಳ್ಳೆಯದನ್ನು ಮುಟ್ಟಿದರೆ ಕಾನೂನಲ್ಲ. ನ್ಯಾಯಾಧೀಶರ ಹತ್ತಿರ ಹೋದೆ.

"ಕಾನೂನಿಗೆ ಅರ್ಥ ಹೇಳಬಹುದು ಕಣೇ, ಬದಲಾಯಿಸೋಕಾಗಲ್ಲ," ಎಂದು ಪೇಪರಿನ ಹಿಂದೆ ಮರೆಯಾದರು.

"ಸರಿ ಕಣ್ರೀ. ನಡೆಸೋಳು ನಾನು. ಬಾಗಿಲು ತೆಗೆಯಲ್ಲ," ಎಂದೆ.

ಎರಡು ದಿನ ಯಾರಿಗೂ ಹಣ್ಣಿಲ್ಲ. ಮನೆ ತುಂಬ ಘಮಲು. ಎಲೆಯಲ್ಲಿ ಬರೀ ಸಾರು, ಅನ್ನ. ನ್ಯಾಯಾಧೀಶರು ಮೂಗರಳಿಸಿ ಊಟ ಮಾಡಿದರು. ಶುಕ್ರವಾರ ಸಂಜೆ ಹಣ್ಣಿನ ಕೋಣೆಯ ಬಾಗಿಲ ಸಂದಿಯಲ್ಲಿ ಮೂಸಿದ ಅತ್ತೆ ನನ್ನ ಹತ್ತಿರ ಬಂದು ಕೂತರು. "ಜ್ವರ ಬಿಟ್ಟ ಬಾಯಿ, ಪಾಪ. ತವರಿಗೆ ಹೋಗೋ ಹಣ್ಣಿಗೆ ನನ್ನ ಕಾನೂನು ಬೇಡ," ಎಂದು ಮಗನ ಕಡೆ ತಿರುಗಿದರು. "ಲೇ, ಬರ್ಕೊಳ್ಳೋ."

"ಇದೇ ತಿದ್ದುಪಡಿ!" ಎಂದು ಮೇಷ್ಟ್ರು ಕುಣಿಯುವುದೊಂದು ಬಾಕಿ. ಬುಟ್ಟಿ ಶನಿವಾರ ಬಸ್ಸು ಹತ್ತಿತು. ಮೊದಲ ಹಣ್ಣನ್ನು ಅಪ್ಪ ಬಾಗಿಲಲ್ಲೇ ನಿಂತು ಚೀಪಿದರಂತೆ.

ಭಾನುವಾರ ಅತ್ತೆ ಕೈ ಚಾಚಿದರು. "ನಿನ್ನ ಕೆಲಸ ಆಯ್ತಲ್ಲಮ್ಮ, ಬೀಗದ ಕೈ ಕೊಡು." ಕೊಡೋಣವೆಂದೇ ಸೊಂಟಕ್ಕೆ ಕೈ ಹಾಕಿದೆ. ಅದೇಕೋ ಕೈ ಅಲ್ಲೇ ನಿಂತಿತು. ಒಬ್ಬರ ಕೈಯಲ್ಲೇ ಎಲ್ಲ ಇದ್ದರೆ ಕೆಡುತ್ತದಂತಲ್ಲ ಅತ್ತೆ, ಎಂದೆ. ಅವರು ನಕ್ಕು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

ಅದಾಗಿ ಎಷ್ಟೋ ಮಾವಿನ ಕಾಲ ಕಳೆಯಿತು. ಅತ್ತೆ ಈಗಿಲ್ಲ, ಕಾನೂನು ಮಾಡುವ ಕೆಲಸವೂ ತಾನಾಗಿ ನನಗೇ ಬಂತು. ತೀರ್ಪನ್ನು ಯಾರೂ ಕೇಳುವುದಿಲ್ಲ. ಮೊನ್ನೆ ಕಾಲೇಜು ಓದುವ ಮಗಳು ಹಣ್ಣಿನ ಕೋಣೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು: "ಅಮ್ಮಾ, ಅಮೆರಿಕದಲ್ಲಿ ಅಧ್ಯಕ್ಷರು ನಾಲ್ಕು ವರ್ಷಕ್ಕೆ ಮತ್ತೆ ಚುನಾವಣೆಗೆ ನಿಲ್ಲಬೇಕಂತೆ. ನಿಂದು ಯಾವಾಗ?"

ಒಳಗೆ ಹೋಗಿ ಹುಲ್ಲು ಸರಿಸಿದೆ. ಕೈಗೆ ಮೊದಲು ಚೆನ್ನಾದ ರಸಪುರಿಯೇ ಸಿಕ್ಕಿತು. ಅದನ್ನು ಮತ್ತೆ ಮುಚ್ಚಿಟ್ಟು, ಮಚ್ಚೆ ಬಿದ್ದದ್ದೊಂದನ್ನು ಹುಡುಕಿ ತಂದು ಅವಳ ಕೈಗಿತ್ತೆ.

"ಮೊದಲು ಇದನ್ನ ತಿನ್ನು," ಎಂದೆ.