ಮೀನಿಗೆ ಬೈಯುವ ಪೆಟ್ಟಿಗೆ

ಹೆರಿಯಣ್ಣ ಪೆಟ್ಟಿಗೆಯ ಮೇಲಿನ ಸೀರೆಯನ್ನು ಎಳೆದದ್ದು ಮಂಗಳವಾರ ಸಂಜೆ, ಬಿಸಿಲು ಅಂಗಳದಿಂದ ತೆಂಗಿನ ಬುಡಕ್ಕೆ ಸರಿದ ಹೊತ್ತಿಗೆ. ಸೀರೆ ಹೆಂಡತಿ ಪದ್ದಕ್ಕನದು, ಕೇಳದೆ ತೆಗೆದದ್ದು. ಆ ವಿಚಾರ ಆಮೇಲೆ ನೋಡಿಕೊಂಡರಾಯಿತು ಎಂದು ಪದ್ದಕ್ಕ ಸುಮ್ಮನೆ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು.

ಸಂಕದಕೋಡಿಯ ಅರ್ಧ ಊರು ಅಂಗಳದಲ್ಲಿತ್ತು. ಪದ್ದಕ್ಕನ ಗಂಡ ಹೊಸತೊಂದು ಯಂತ್ರ ಮಾಡಿದ್ದಾನೆ ಎಂದರೆ ಜನ ಕೆಲಸ ಬಿಟ್ಟು ಬರುತ್ತಿದ್ದರು. ದೋಣಿಯ ಇಂಜಿನು ರಿಪೇರಿಯಲ್ಲಿ ಮೂವತ್ತು ವರ್ಷ ಕಳೆದ ಹೆರಿಯಣ್ಣನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಒಣಮೀನಿಗೆ ಬರುವ ಕಾಗೆ ಓಡಿಸಲೆಂದು ಅವನು ಮಾಡಿದ ಕೂಗುವ ಫ್ಯಾನಿಗೆ ಮೂರು ಊರಿನ ಕಾಗೆಗಳು ಸಂಸಾರ ಸಮೇತ ಬಂದು ಕೂತಿದ್ದವು. ಬಲೆ ಹೊಲಿಯುವ ಯಂತ್ರ ಅವನ ಪಂಚೆಯನ್ನೂ ಸೇರಿಸಿ ಹೊಲಿದು, ಅವನನ್ನು ಬಲೆಯಿಂದ ಬಿಡಿಸಲು ಎರಡು ಕತ್ತರಿ ಬೇಕಾಗಿದ್ದವು.

ಈ ಸಲದ್ದು ಐಸ್‌ಕ್ರೀಮ್ ಅಂಗಡಿಯವರು ಬಿಸಾಡಿದ ಉದ್ದನೆಯ ಫ್ರೀಜರು. ಅದರ ಒಂದು ಬದಿಗೆ ತೊಟ್ಟಿಲ ಮಗುವಿನ ಮೂಗಿನಷ್ಟೇ ಪುಟ್ಟದೊಂದು ಕೊಳವೆ, ಇನ್ನೊಂದು ಬದಿಗೆ ಆಟೋರಿಕ್ಷಾದ ಧ್ವನಿವರ್ಧಕ.

"ಇದ್ ಬರೀ ಪೆಟ್ಟಿಗೆ ಅಲ್ಲ," ಎಂದ ಹೆರಿಯಣ್ಣ. "ಮೀನನ್ನ ತಣ್ಣಗೆ ಇಡ್ತ್. ಮೂಸಿ ಕಾಣ್ತ್. ಲಾಯ್ಕಿತ್ತಾ, ಹಾಳಾಯ್ತಾ ಅಂದೇಳಿ ಬಾಯಿ ಬಿಟ್ಟ್ ಹೇಳ್ತ್. ಲಾಯ್ಕಿದ್ರೆ ಮುಚ್ಚಳ ಬಿಡ್ತ್, ಹಾಳಾದ್ರೆ ಕಚ್ಚಿ ಹಿಡ್ಕಂತ್."

"ಹಿಡ್ಕಂಡ್ರೆ ತೆಗೂದ್ ಹ್ಯಾಂಗೆ?" ಎಂದಳು ಸಾಕು. ಮಾರ್ಕೆಟ್ಟಿನಲ್ಲಿ ಪದ್ದಕ್ಕನ ಪಕ್ಕದಲ್ಲೇ ಬುಟ್ಟಿ ಇಡುವವಳು ಅವಳು.

"ಹಾಳಾದ್ ಮೀನ್ ತೆಗ್ದ್ ಎಂತ ಮಾಡ್ತೆ? ನಿನ್ನ ಗಂಡಂಗೆ ಹಾಕೂಕಾ?"

"ಅವ್ರಿಗೆ ಹಾಕ್ರೂ ಗೊತ್ತಾತಿಲ್ಲೆ, ಅದ್ ಬೇರೆ ವಿಷಯ. ಇದಕ್ಕೆ ಕಲ್ಸಿದ್ದ್ ಯಾರ್?"

"ಮಾರ್ಕೆಟ್ಟೇ ಕಲ್ಸಿತ್. ಇದ್ರ ಮೂಗನ್ನೂ ಕಿವಿಯನ್ನೂ ಇಪ್ಪತ್ತ್ ದಿನ ನಿಮ್ಮ್ ಕಂಬಕ್ಕೆ ಕಟ್ಟಿದ್ದೆ ಅಲ್ದಾ? ಯಾವ ವಾಸನೆ ಮೀನಿಗೆ ಗಿರಾಕಿಗಳ್ ಎಂತ ಹೇಳ್ತ್ರ್ ಅಂತ ಕೇಂಡ್ ಕೇಂಡ್ ಕಲ್ತಿತ್. ಮಕ್ಕಳ್ ಮಾತ್ ಕಲ್ತಂಗೆ."

ಕಂಬದ ಮೇಲಿದ್ದ ಆ ಡಬ್ಬಿ ಸಾಕುವಿಗೆ ನೆನಪಾಯಿತು. ಇಪ್ಪತ್ತು ದಿನವೂ ಅವಳು ತನ್ನ ಕೊಡೆಯನ್ನು ಅದಕ್ಕೇ ನೇತುಹಾಕಿದ್ದಳು.

ಆಗಷ್ಟೇ ದೋಣಿಯಿಂದಿಳಿದ ಬಂಗುಡೆಯ ಬುಟ್ಟಿ ಬಂತು. ಇನ್ನೂ ಕೆಲವು ಬಾಲ ಬಡಿಯುತ್ತಿದ್ದವು. ಹೆರಿಯಣ್ಣ ಅವನ್ನು ಒಳಗೆ ಸುರಿದು ಮುಚ್ಚಳ ಹಾಕಿದ. ಕೊಳವೆ ಸುಂಯ್ಯೆಂದು ಗಾಳಿ ಎಳೆಯಿತು.

"ಥೂ, ಇದೆಂತ ಮೀನಾ?" ಎಂದಿತು ಪೆಟ್ಟಿಗೆ, ಯಾರೋ ಗಂಡಸಿನ ದನಿಯಲ್ಲಿ. "ಕಣ್ಣ್ ಕಾಣ್, ಬಿಳಚಿ ಹೋಯ್ತ್. ಮೂರ್ ದಿನದ್ದ್ ಇದ್. ಬೆಕ್ಕಿಗೆ ಹಾಕ್."

ಟಕ್ಕೆಂದು ಮುಚ್ಚಳ ಕಚ್ಚಿಕೊಂಡಿತು. ಒಳಗೆ ಬಂಗುಡೆಗಳು ಇನ್ನೂ ಬಡಿದುಕೊಳ್ಳುವುದು ಎಲ್ಲರಿಗೂ ಕೇಳಿಸುತ್ತಿತ್ತು.

ಹೆರಿಯಣ್ಣ ಸ್ಪ್ಯಾನರು ಹಾಕಿ ಮುಚ್ಚಳ ಎಬ್ಬಿಸುವಾಗ ಯಾರೂ ಅವನ ಮುಖ ನೋಡಲಿಲ್ಲ. "ಒಂದ್ ವೈರ್ ಸಡಿಲ," ಎಂದು, ಈ ಬಾರಿ ನಿಜಕ್ಕೂ ಕೊಳೆತ ಒಂದು ಹಿಡಿ ಬೈಗೆ ಮೀನನ್ನು ಹಾಕಿದ. ಬೆಳಿಗ್ಗೆಯಿಂದ ಬಿಸಿಲಲ್ಲಿ ಬಿದ್ದಿದ್ದ ಅದನ್ನು ಅವನ ಮನೆಯ ಬೆಕ್ಕೂ ಸುತ್ತು ಹಾಕಿ ದಾಟಿತ್ತು.

ಪೆಟ್ಟಿಗೆ ಎರಡು ಸಲ ಗಾಳಿ ಎಳೆಯಿತು. ಆಮೇಲೆ ಬಹಳ ಮೃದುವಾಗಿ, ನಾಚಿಕೆಯಿಂದೆಂಬಂತೆ ಹೇಳಿತು: "ಲಾಯ್ಕಿತ್ತ್ ಮರಾಯ್ತಿ. ಆರೆ ನಮ್ಗೆ ಇವತ್ತ್ ಸೋಮವಾರ, ಮೀನ್ ತಿಂಬುಕಿಲ್ಲೆ." ಮುಚ್ಚಳ ತಾನಾಗಿ ತೆರೆದುಕೊಂಡಿತು. ಎದುರಿಗಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಇವತ್ತ್ ಮಂಗಳವಾರ," ಎಂದಳು ಸಾಕು.

"ಹಾಂ, ಕ್ಯಾಲೆಂಡರ್ ಕೆಟ್ಟಿತ್," ಎಂದ ಹೆರಿಯಣ್ಣ, ರೋಗ ಪತ್ತೆ ಹಚ್ಚಿದ ವೈದ್ಯನ ಹಾಗೆ.

ಎಲ್ಲರೂ ನಕ್ಕರು. ಮೂಗು ಮುಚ್ಚದೆ ಕೂತವಳು ಪದ್ದಕ್ಕ ಒಬ್ಬಳೇ. ಅದು ಅರಿವಾದದ್ದೇ ಅವಳು ಸೆರಗನ್ನು ಗಡಿಬಿಡಿಯಿಂದ ಮೂಗಿಗೆ ತಂದುಕೊಂಡಳು.

*

ಪದ್ದಕ್ಕನ ಮೂಗು ಹೋಗಿ ಆರು ತಿಂಗಳಾಗಿತ್ತು. ಮಳೆಗಾಲದಲ್ಲಿ ಬಂದ ಜ್ವರ ಇಳಿಯಿತು, ವಾಸನೆ ಮಾತ್ರ ಮರಳಲಿಲ್ಲ. ಕಾಯಿಸಿದ ಹಾಲೂ ಒಂದೇ, ಸೀಮೆಎಣ್ಣೆಯೂ ಒಂದೇ. ಬೇರೆಯವರಾಗಿದ್ದರೆ ಊರಿಗೆಲ್ಲ ಹೇಳಿಕೊಂಡು ಅಳುತ್ತಿದ್ದರು. ಪದ್ದಕ್ಕ ಹೇಳುವ ಹಾಗಿರಲಿಲ್ಲ. ಮೀನಿನ ವಾಸನೆ ಯಾರಿಗಾದರೂ ಗೊತ್ತು. ಹಾಳಾಗಲು ಹೊರಟ ಮೀನಿನ ವಾಸನೆ ಹಿಡಿಯುತ್ತಿದ್ದವಳು ಅವಳೊಬ್ಬಳೇ. ಮಾರ್ಕೆಟ್ಟಿನಲ್ಲಿ ಎರಡು ಬುಟ್ಟಿಗಳ ನಡುವೆ ಜಗಳ ಬಂದರೆ "ಪದ್ದಕ್ಕ ಮೂಸಿ ಹೇಳಲಿ" ಎನ್ನುತ್ತಿದ್ದರು. ಅವಳು ಕಿವಿರೆತ್ತಿ ಒಮ್ಮೆ ಮೂಸಿ, ಆಯ್ತು ಅಥವಾ ಇಲ್ಲ ಎಂದರೆ ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಈ ಆರು ತಿಂಗಳು ಅವಳು ಮೂಸುವ ನಟನೆ ಮಾಡಿ, ಹೆಬ್ಬೆರಳಿನಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಕಿವಿರಿನ ಕೆಂಪು ನೋಡಿ ತೀರ್ಪು ಕೊಟ್ಟಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ. ಆದರೂ ಬೆಳಿಗ್ಗೆ ಬುಟ್ಟಿ ಎತ್ತುವಾಗ ಎದೆಯಲ್ಲೊಂದು ಅಳುಕು ಇದ್ದೇ ಇರುತ್ತಿತ್ತು.

ಬುಧವಾರ ಮಾರ್ಕೆಟ್ಟಿಗೆ ಬಂದ ವಾರಿಜಮ್ಮ, ಗದ್ದೆಮನೆ ಶೆಟ್ಟರ ತಾಯಿ, ಆ ಅಳುಕನ್ನು ಇಮ್ಮಡಿ ಮಾಡಿ ಹೋದರು. ಮೊದಲಿಗೆ, ಯಾವಾಗಿನ ಹಾಗೆ, ಪದ್ದಕ್ಕನ ಬುಟ್ಟಿಯ ಕಾಣೆ ಮೀನನ್ನು ಎರಡು ಬೆರಳಲ್ಲಿ ಎತ್ತಿ, "ಇದ್ ಮೀನಾ, ಹೆಣವಾ? ಇದನ್ನ್ ಮನಿಗೆ ತಕಂಡ್ ಹೋರೆ ಸೊಸಿ ನನ್ನನ್ನೇ ಹೊರಗ್ ಹಾಕ್ತ್ಲ್," ಎಂದರು.

"ಬ್ಯಾಡ್ದಿರೆ ಬಿಡಿ ಅಮ್ಮ," ಎಂದು ಪದ್ದಕ್ಕ ಬುಟ್ಟಿಗೆ ಎಲೆ ಮುಚ್ಚಿ, ತಲೆಗೇರಿಸಿ, ಹಿಂದೆ ತಿರುಗಿ ನೋಡದೆ ಐದು ಹೆಜ್ಜೆ ನಡೆದಳು. ಐದನೆಯದಕ್ಕೆ, ಪ್ರತಿ ವಾರದ ಹಾಗೆ, "ಏ ಪದ್ದು, ನಿಲ್ಲ್ ಮರಾಯ್ತಿ. ಲಾಯ್ಕಿತ್ತ್, ಕೊಡ್," ಎಂಬ ಕರೆ ಬಂತು. ಬುಟ್ಟಿ ಖಾಲಿಯಾದ ಮೇಲೆ ವಾರಿಜಮ್ಮ ಮುಖ್ಯ ಮಾತಿಗೆ ಬಂದರು. ಮೊಮ್ಮಗಳ ಮದುವೆಯಾಯಿತಲ್ಲ, ಭಾನುವಾರ ಬೀಗರಿಗೆ ಮೀನೂಟ. ನೂರು ಎಲೆ. ಅಂಜಲ್ ಮೀನೇ ಆಗಬೇಕು.

"ನೀನೇ ಮೂಸಿ ಕೊಡೂದಾರೆ ಮಾತ್ರ," ಎಂದರು. "ಬೇರೆಯವ್ರ ಮಾತ್ ನಂಬಿ ಬೀಗರ ಎದುರ್ ಮರ್ಯಾದಿ ಕಳ್ಕಂಬುಕೆ ನನ್ನತ್ರ ಆತಿಲ್ಲೆ."

*

ಅಂಜಲ್ ಸಿಕ್ಕಿದ್ದು ಶನಿವಾರ ಮಧ್ಯಾಹ್ನ. ಒಳ್ಳೆಯ ಮೀನು, ತೊಡೆಯಷ್ಟು ದಪ್ಪ, ಬೆನ್ನು ಕತ್ತಿಯ ಹಾಗೆ ಹೊಳೆಯುತ್ತಿತ್ತು. ಆದರೆ ಊರಿನ ಐಸ್ ಫ್ಯಾಕ್ಟರಿ ಕೆಟ್ಟು ಮೂರು ದಿನವಾಗಿತ್ತು. ಇಡುವುದೆಲ್ಲಿ?

"ಹ್ವಾಯ್, ನಿಮ್ಮ್ ಪೆಟ್ಟಿಗೆ ತಣ್ಣಗಂತೂ ಆತ್ತಲೆ?" ಎಂದಳು ಪದ್ದಕ್ಕ, ಬೇರೆ ದಾರಿ ಕಾಣದೆ.

ಹೆರಿಯಣ್ಣನ ಮುಖ ಅರಳಿತು. "ಆತ್ತಾ ಅಂದ್ರೆ? ಹಿಮಾಲಯ ಮರಾಯ್ತಿ. ಕ್ಯಾಲೆಂಡರೂ ಹೊಸತ್ ಹಾಕಿದ್ದೆ."

"ಬಾಯಿ ಕಟ್ಟಿ. ಒಂದ್ ಮಾತ್ ಆಡೂಕಾಗ. ಮುಚ್ಚಳವೂ ಕಚ್ಚೂಕಾಗ."

ಅವನು ಅವಳೆದುರೇ ಎರಡು ವೈರು ಕಿತ್ತ. ಮುಚ್ಚಳದ ಕೊಕ್ಕೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಮಂಗಳವಾರ ಅದು ಬರೀ ಸ್ಪ್ಯಾನರಿಗೆ ಬಗ್ಗಿತ್ತೆಂಬ ಬೇಸರಕ್ಕೆ, ದೋಣಿಯ ಇಂಜಿನ್ ಕೋಣೆಯ ದೊಡ್ಡ ಕೊಕ್ಕೆಯನ್ನು ಅವನು ಆಗಲೇ ಒಳಗಿನಿಂದ ಕೂರಿಸಿದ್ದ.

ಆ ರಾತ್ರಿ ಮೂರು ಗಂಟೆ ಕಾಲ ಕರೆಂಟು ಹೋಗಿತ್ತು. ಬೆಳಿಗ್ಗೆ ಪದ್ದಕ್ಕ ಮುಚ್ಚಳ ಎತ್ತಿ ಮುಖವಿಟ್ಟು ಉಸಿರೆಳೆದಳು. ತಂಪು ತಾಗಿತು. ಅಷ್ಟೇ. ಮೀನನ್ನು ಒತ್ತಿ ನೋಡುವ ಮೊದಲೇ ಗೂಡ್ಸ್ ಆಟೋ ಹಾರ್ನು ಹಾಕಿತು.

*

ಗದ್ದೆಮನೆಯ ಅಂಗಳದಲ್ಲಿ ಚಪ್ಪರ ಹಾಕಿ ಒಲೆ ಹೂಡಿದ್ದರು. ಮಸಾಲೆ ಅರೆದು ಸಿದ್ಧವಾಗಿತ್ತು. ಬೀಗರ ಕಡೆಯವರು ಆಗಲೇ ಬಂದು ಜಗಲಿಯಲ್ಲಿ ಶರಬತ್ತು ಕುಡಿಯುತ್ತಿದ್ದರು. ಪೆಟ್ಟಿಗೆಯನ್ನು ಅಂಗಳಕ್ಕಿಳಿಸಿದಾಗ ಅವರೆಲ್ಲ ಎದ್ದು ನೋಡಲು ಬಂದರು. ಇಷ್ಟು ಒಳ್ಳೆಯ ಬಟ್ಟೆ ತೊಟ್ಟ ಇಷ್ಟೊಂದು ಜನ ತನ್ನ ಯಂತ್ರದ ಸುತ್ತ ನಿಂತದ್ದನ್ನು ಹೆರಿಯಣ್ಣ ಜನ್ಮದಲ್ಲಿ ಕಂಡಿರಲಿಲ್ಲ. ಕರೆಂಟಿಗೆ ಸಿಕ್ಕಿಸುವ ನೆಪದಲ್ಲಿ ಬಗ್ಗಿ, ಕಿತ್ತ ಎರಡು ವೈರನ್ನೂ ಜೋಡಿಸಿಬಿಟ್ಟ.

ಕೊಳವೆ ಸುಂಯ್ಯೆಂದಿತು.

"ಇದ್ ಮೀನಾ, ಹೆಣವಾ?" ಎಂದಿತು ಪೆಟ್ಟಿಗೆ, ಇಡೀ ಅಂಗಳಕ್ಕೆ ಕೇಳುವಂತೆ. "ಥೂ, ನಾತ. ಮುಟ್ಟೂಕೇ ಹೇಸಿಗೆ. ಇದನ್ನ್ ತಿಂದ್ರೆ ಮನಿಯವ್ರೆಲ್ಲ ಸಾಲಾಗಿ ಮಲಗೂದೇ."

ಟಕ್.

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆರಿಯಣ್ಣ ಸ್ಪ್ಯಾನರು ತೆಗೆದ. ಮುಚ್ಚಳ ಅಲ್ಲಾಡಲಿಲ್ಲ. ಹಾರೆ ತರಿಸಿದ. ಹಾರೆ ಬಗ್ಗಿತು. ಪೆಟ್ಟಿಗೆ ಬೈಯುತ್ತಲೇ ಇತ್ತು, "ಕಿವಿರ್ ಕಾಣ್, ಕಪ್ಪಾಯ್ತ್" ಎನ್ನುತ್ತ.

"ಎಷ್ಟ್ ಗಟ್ಟಿ ಕೂರ್ಸಿದ್ರಿ?" ಎಂದಳು ಪದ್ದಕ್ಕ ಹಲ್ಲು ಕಚ್ಚಿ.

"ಬಿರುಗಾಳಿಗೂ ಬಿಡ್ದಂಗೆ," ಎಂದ ಅವನು. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ವಾರಿಜಮ್ಮ ಕೋಲೂರಿಕೊಂಡು ಮುಂದೆ ಬಂದರು. "ಯಂತ್ರದ್ ಮಾತ್ ಬಿಡ್. ಪದ್ದು, ಆ ಸಂದಿಯಲ್ಲಿ ಗಾಳಿ ಬತ್ತಿತ್ತಲೆ, ನೀ ಮೂಸಿ ಹೇಳ್. ನೀ ಲಾಯ್ಕಿತ್ತ್ ಅಂದ್ರೆ ಮುಚ್ಚಳ ಒಡ್ದಾರೂ ತೆಗ್ಸ್ತೆ. ಇಲ್ಲೆ ಅಂದ್ರೆ ಕೋಳಿ ಕೊಯ್ಸ್ತೆ."

ಪದ್ದಕ್ಕ ಸಂದಿಯ ಹತ್ತಿರ ಬಗ್ಗಿದಳು. ಮೂರು ಗಂಟೆ ಕರೆಂಟು ಇರಲಿಲ್ಲ. ಹೆಬ್ಬೆರಳಿಗೆ ಮೀನು ಸಿಗುವಂತಿಲ್ಲ. ಆಯ್ತು ಎಂದುಬಿಡುವುದು ಸುಲಭವಿತ್ತು. ನೂರು ಎಲೆಯ ಮುಂದೆ ಕೂರುವವರಲ್ಲಿ ಮಕ್ಕಳೂ ಇದ್ದರು.

ಅವಳು ನೆಟ್ಟಗೆ ನಿಂತಳು. "ನಂಗೆ ವಾಸನೆ ಬತ್ತಿಲ್ಲೆ ಅಮ್ಮ. ಮಳೆಗಾಲದ್ ಜ್ವರದಲ್ಲೇ ಹೋಯ್ತ್. ಅಲ್ಲಿಂದ ಇಲ್ಲಿವರೆಗೆ ನಾನ್ ಮೂಸಿದ್ದೆಲ್ಲ ಸುಳ್ಳ್. ಬೆರಳಲ್ಲಿ ಒತ್ತಿ ಹೇಳ್ತಿದ್ದೆ."

ಮೊದಲು ಗಂಟಲು ಸರಿಮಾಡಿಕೊಂಡವನು ಹೆರಿಯಣ್ಣ.

"ನಂಗೆ ಗೊತ್ತಿತ್ತ್," ಎಂದ.

ಪದ್ದಕ್ಕ ತಿರುಗಿದಳು. "ಎಂತ ಗೊತ್ತಿತ್ತ್?"

"ಜ್ವರ ಬಿಟ್ಟ್ ವಾರ ನೀ ಹಳಸಿದ್ ಸಾರ್ ಬಡ್ಸಿದೆ. ನಾನ್ ಮೂರ್ ದಿನ ಅದೇ ಸಾರ್ ಉಂಡೆ."

"ಹೇಳೂಕೆ ಎಂತ ಆಯ್ತ್ ನಿಮ್ಗೆ?"

"ಹೇಳ್ರೆ ನೀ ಮಾರ್ಕೆಟ್ಟಿಗೆ ಹೋಪೂದ್ ಬಿಡ್ತಿದ್ದೆ. ಅದಕ್ಕೇ ಒಂದ್ ಮೂಗ್ ಮಾಡುವ ಅಂದೇಳಿ..." ಅವನು ಬಗ್ಗಿದ ಹಾರೆಯನ್ನು ನೋಡಿದ. "ಮೂಗ್ ಸಮಾ ಬಂದಿತ್. ಬಾಯಿ ಎಲ್ಲೋ ತಪ್ಪಿತ್."

ಪೆಟ್ಟಿಗೆ ಇನ್ನೂ ಒದರುತ್ತಿತ್ತು: "ಮನಿಗೆ ತಕಂಡ್ ಹೋರೆ ಸೊಸಿ ನನ್ನನ್ನೇ ಹೊರಗ್ ಹಾಕ್ತ್ಲ್."

ಸೊಸೆ ಒಳಗಿನಿಂದ ಇಣುಕಿದಳು. "ಅತ್ತೆ, ಇದ್ ನಿಮ್ಮ್ ಸ್ವರ ಅಲ್ದಾ?"

ವಾರಿಜಮ್ಮನ ಕಿವಿ ಕೆಂಪಾಯಿತು. ಬೀಗರ ಎದುರು ಅವರು ಮದುವೆಯ ದಿನದಿಂದ ಬಹಳ ಮೆತ್ತಗೆ ಮಾತಾಡುತ್ತ ಬಂದಿದ್ದರು. "ನಾನ್ ಹಾಂಗೆ ಹೇಳೂದ್..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಆಮೇಲೆ ನಿಧಾನವಾಗಿ, "ನಾನ್ ಹಾಂಗೆ ಹೇಳೂದ್ ಮೀನ್ ಲಾಯ್ಕಿದ್ರೆ ಮಾತ್ರ," ಎಂದರು.

"ಹಾಳಾದ್ರೆ?" ಎಂದರು ಬೀಗರಲ್ಲೊಬ್ಬರು, ಕುತೂಹಲದಿಂದ.

"ಹಾಳಾದ್ ಮೀನಿಗೆ ಬೈವ್ರ್ ಯಾರ್ ಮರಾಯ್ರೆ? ಮಾರೋಳಿಗೆ ಬೇಜಾರಾಪುಕಾಗ ಅಂದೇಳಿ, ಲಾಯ್ಕಿತ್ತ್, ಆರೆ ನಮ್ಗೆ ಇವತ್ತ್ ಸೋಮವಾರ ಅಂತ ಹೇಳಿ ಜಾರ್‍ಕಂಬ್ದ್."

ಪದ್ದಕ್ಕನಿಗೆ ಮಂಗಳವಾರದ ಸಂಜೆ ನೆನಪಾಯಿತು. ಬಾಲ ಬಡಿಯುವ ಬಂಗುಡೆಗೆ ಬೈಗುಳ, ಕೊಳೆತ ಬೈಗೆಗೆ ಸೋಮವಾರ. ಕ್ಯಾಲೆಂಡರು ಕೆಟ್ಟಿರಲಿಲ್ಲ. ಪೆಟ್ಟಿಗೆ ಇಪ್ಪತ್ತು ದಿನ ಕಂಬದ ಮೇಲೆ ಕೂತು ಕೇಳಿದ್ದನ್ನೇ ಕೇಳಿದ ಹಾಗೆ ಕಲಿತಿತ್ತು. ಅದು ಯಂತ್ರವಲ್ಲ, ಗಿರಾಕಿ.

ಗಿರಾಕಿಯೆಂದ ಮೇಲೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಪೆಟ್ಟಿಗೆಯ ಮುಂದೆ ನಿಂತು, "ಬ್ಯಾಡ್ದಿರೆ ಬಿಡಿ," ಎಂದಳು. ಬಾಳೆ ಎಲೆಯೊಂದನ್ನು ಎತ್ತಿ ಪೆಟ್ಟಿಗೆಯ ಮೇಲೆ ಮುಚ್ಚಿ, ಬೆನ್ನು ತಿರುಗಿಸಿ ಗೇಟಿನ ಕಡೆ ನಡೆದಳು. ಒಂದು ಹೆಜ್ಜೆ, ಎರಡು. ಪೆಟ್ಟಿಗೆ ಬೈಗುಳ ನಿಲ್ಲಿಸಿತು. ಮೂರು. ಕೊಳವೆ ಚಡಪಡಿಸುವಂತೆ ಸುಂಯ್ ಸುಂಯ್ ಎಂದಿತು. ನಾಲ್ಕು. ಹೆರಿಯಣ್ಣ ಉಸಿರು ಹಿಡಿದಿದ್ದ. ಐದು.

"ಏ ಪದ್ದು, ನಿಲ್ಲ್ ಮರಾಯ್ತಿ," ಎಂದಿತು ಪೆಟ್ಟಿಗೆ ವಾರಿಜಮ್ಮನ ದನಿಯಲ್ಲಿ. "ಲಾಯ್ಕಿತ್ತ್, ಕೊಡ್."

ಮುಚ್ಚಳ ತೆರೆಯಿತು.

ಪದ್ದಕ್ಕ ಓಡಲಿಲ್ಲ. ನಿಧಾನವಾಗಿ ಬಂದು, ಅಂಜಲಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಬೆರಳು ತೆಗೆಯುವುದರೊಳಗೆ ತುಂಬಿಕೊಂಡಿತು. ಕಿವಿರೆತ್ತಿದಳು, ದಾಸವಾಳದ ಕೆಂಪು.

"ಆಯ್ತ್," ಎಂದಳು.

"ಮೂಸೂದ್ ಬ್ಯಾಡ್ದಾ?" ಎಂದರು ಬೀಗರು.

"ಆ ಬೆರಳಿನ್ ಮೀನನ್ನೇ ನಾವ್ ಆರ್ ತಿಂಗಳಿಂದ ತಿಂಬ್ದ್," ಎಂದರು ವಾರಿಜಮ್ಮ. "ಎಲ್ಲರೂ ಗಟ್ಟಿಯಾಗೇ ಇದ್ದೊ. ಒಲೆಗೆ ಬೆಂಕಿ ಹಾಕಿ."

*

ಪೆಟ್ಟಿಗೆ ಈಗ ಮಾರ್ಕೆಟ್ಟಿನ ಕಟ್ಟೆಯ ಮೇಲಿದೆ. ಯಾರ ಮೀನಿಗೆ ಅದು ಹೆಚ್ಚು ಬೈಯುತ್ತದೋ ಅವರ ಬುಟ್ಟಿ ಮೊದಲು ಖಾಲಿ. ಹೋಟೆಲಿನವರು ಬಂದು, "ಇವತ್ತ್ ಹೆಣ ಅಂದದ್ದ್ ಯಾರದ್ದಕ್ಕೆ?" ಎಂದೇ ಕೇಳುತ್ತಾರೆ. ಸಾಕುವಿನ ಬೈಗೆಗೆ ಒಂದು ದಿನ ಬರೀ ಎರಡು ಬೈಗುಳ ಬಿತ್ತೆಂದು ಅವಳು ಪೆಟ್ಟಿಗೆಯ ಜೊತೆ ಮಾತು ಬಿಟ್ಟಿದ್ದಾಳೆ. ಪೆಟ್ಟಿಗೆಗೂ ಪದ್ದಕ್ಕನಿಗೂ ಅಭಿಪ್ರಾಯ ಬೇರೆಯಾದರೆ ಜನ ಇಂದಿಗೂ ಅವಳ ಹೆಬ್ಬೆರಳನ್ನೇ ಕಾಯುತ್ತಾರೆ.

ಹೋದ ಶುಕ್ರವಾರ ಹೆರಿಯಣ್ಣ ಅದನ್ನು ಎಣ್ಣೆ ಹಾಕಲೆಂದು ಮನೆಗೆ ತಂದಿದ್ದ. ದಿನವಿಡೀ ಯಾರದೋ ಹಳೆಯ ದೋಣಿಯ ತಳದಲ್ಲಿ ಕೂತು ಇಂಜಿನು ಬಿಚ್ಚಿ ಬಂದವನು, ಕೈಕಾಲು ತೊಳೆಯುವ ಮೊದಲೇ ಪೆಟ್ಟಿಗೆಯೊಳಗೆ ತಲೆ ಹಾಕಿ ಬಗ್ಗಿದ. ಕೊಳವೆ ಸುಂಯ್ಯೆಂದಿತು. ಪೆಟ್ಟಿಗೆ ಬಹಳ ಮೃದುವಾಗಿ, ನಾಚಿಕೆಯಿಂದೆಂಬಂತೆ ಹೇಳಿತು:

"ಲಾಯ್ಕಿತ್ತ್ ಮರಾಯ್ತಿ. ಆರೆ ನಮ್ಗೆ ಇವತ್ತ್ ಸೋಮವಾರ."

"ಇವತ್ತ್ ಶುಕ್ರವಾರ," ಎಂದ ಹೆರಿಯಣ್ಣ ತಲೆ ಹೊರತೆಗೆದು. "ಕ್ಯಾಲೆಂಡರ್ ಮತ್ತೆ ಕೆಟ್ಟಿತ್ ಕಾಣ್."

ಪದ್ದಕ್ಕ ಬಚ್ಚಲೊಲೆಗೆ ಇನ್ನೆರಡು ತೆಂಗಿನ ಮಡಲು ನೂಕಿ ಬಂದು, ಹೆಗಲಿನ ಟವೆಲನ್ನು ಅವನ ಕೈಗೆ ಕೊಟ್ಟಳು.

"ಕೆಡ್ಲಿಲ್ಲೆ," ಎಂದಳು. "ನೀರ್ ಕಾದಿತ್. ಮಿಂದ್ಕಂಡ್ ಬನ್ನಿ."